ಮಣಿಗಂಟು ಮೇಲೆ ಎತ್ತಲಿಕ್ಕೆ ಆಗ್ತದಾ?

ಹೋದ ತಿಂಗಳು ಒಂದು ರಾತ್ರಿ, ಊಟ ಮುಗಿದ ಮೇಲೆ, ನನ್ನ ತಮ್ಮ ಅಜ್ಜಿಗೆ ವೀಳ್ಯದೆಲೆಗೆ ಸುಣ್ಣ ಹಚ್ಚಿ ಕೊಟ್ಟ. ಎಲೆಯನ್ನು ಗಾಲಿಕುರ್ಚಿಯ ಹಲಗೆ ಮೇಲೆ ಇಟ್ಟು ಎಡಗೈಯ ಬುಡದಿಂದ ಒತ್ತಿ ಹಿಡಿದ. ಬಲಗೈಯ ಮಣಿಗಂಟನ್ನು ನಿಧಾನಕ್ಕೆ ಮೇಲೆತ್ತಿದ. ಬೆರಳುಗಳು ತಾವಾಗಿಯೇ ಸ್ವಲ್ಪ ಮಡಚಿಕೊಂಡವು. ಆಮೇಲೆ ಹೆಬ್ಬೆರಳು ಬಂದು ತೋರುಬೆರಳಿನ ಬದಿಗೆ ಒತ್ತಿ ಕೂತಿತು. ಆ ಸಂದಿನಲ್ಲಿ ಸುಣ್ಣದ ಡಬ್ಬಿಯ ಪುಟ್ಟ ಚಮಚ. ಒಂದು ಸಲ ಜಾರಿತು, ಮತ್ತೆ ಹಿಡಿದ. ಎಲೆಯ ಬೆನ್ನಿನ ಮೇಲೆ ಬಿಳಿ ಗೆರೆ ಎಳೆದ. ಎರಡು ಮೂರು ನಿಮಿಷ ಹಿಡಿಯಿತು. ಅಜ್ಜಿ ಕೈ ಚಾಚಲೇ ಇಲ್ಲ, ಸುಮ್ನೆ ಕಾಯ್ದರು. ಎಲೆ ಕೈಗೆ ಬಂದ ಮೇಲೆ "ಸುಣ್ಣ ಜಾಸ್ತಿ ಆಯ್ತು" ಅಂದರು.

ಆ ಹೆಬ್ಬೆರಳನ್ನು ಒತ್ತುತ್ತಿದ್ದ ಸ್ನಾಯು ಹುಟ್ಟಿನಿಂದ ಹೆಬ್ಬೆರಳಿನದ್ದಲ್ಲ. ಅದು ಮೊಣಕೈ ಮಡಚುವ ಸ್ನಾಯು. 2022ರಲ್ಲಿ ಒಬ್ಬ ಸರ್ಜನ್ ಅದರ ತುದಿಯನ್ನು ಬಿಡಿಸಿ ಹೆಬ್ಬೆರಳಿಗೆ ಕಟ್ಟಿದರು. ಕುತ್ತಿಗೆಯಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಕೈಕಾಲಿನ ಸ್ವಾಧೀನ ಹೋದವರ ಕೈಗೂ ಹೀಗೆ ಹಿಡಿತ ಬರಬಹುದು, ಇದನ್ನು ಬರೆಯಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ. ನಮ್ಮ ಮನೆಗೆ ಈ ವಿಷಯ ತಲುಪಲು ಮೂರು ವರ್ಷ ಬೇಕಾಯಿತು. ಅಷ್ಟರಲ್ಲಿ ಇನ್ನೊಂದು ಬಾಗಿಲು ಮುಚ್ಚಿಹೋಗಿತ್ತು. ಬೇರೆ ಯಾರ ಮನೆಯಲ್ಲೂ ಹಾಗೆ ಆಗಬಾರದು ಅಂತ ನನ್ನ ಆಸೆ.

ನಮ್ಮದು ಹೆಬ್ರಿಯ ಆಚೆ ಸಣ್ಣ ಅಡಿಕೆ ತೋಟ. ನಾನು ಕೆಲಸದ ಮೇಲೆ ಉಡುಪಿಯಲ್ಲಿದ್ದೇನೆ, ವಾರಕ್ಕೊಮ್ಮೆ ಊರಿಗೆ ಹೋಗುತ್ತೇನೆ. 2018ರ ಆಗಸ್ಟ್ ನಿಮಗೆ ನೆನಪಿರಬಹುದು. ಕೊಡಗಿನಲ್ಲಿ ಗುಡ್ಡಗಳು ಕುಸಿದ ಮಳೆಗಾಲ. ನಮ್ಮಲ್ಲೂ ಮಳೆ ಬಿಡಲೇ ಇಲ್ಲ, ತೋಟಕ್ಕೆ ಕೊಳೆರೋಗ ಬಂತು. ಒಂದು ದಿನ ಬೆಳಿಗ್ಗೆ ಸ್ವಲ್ಪ ಬಿಸಿಲು ಕಂಡಿತು ಅಂತ ತಮ್ಮ ಬೋರ್ಡೋ ಮದ್ದು ಬಿಡಲು ಮರ ಹತ್ತಿದ. ಕೆಲಸದವರು ಸಿಗಲಿಲ್ಲ. ಅವನಿಗೆ ಮರ ಹತ್ತುವುದು ಹೊಸತೇನಲ್ಲ. ಕಾಲಿಗೆ ತಳೆ ಹಾಕಿ ಹತ್ತಿ, ಇಳಿಯದೆಯೇ ಒಂದು ಮರದಿಂದ ಇನ್ನೊಂದಕ್ಕೆ ತೂಗಿ ದಾಟುವವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ ಅಲ್ವಾ. ಪಾಚಿ ಹಿಡಿದ ಮರ, ಒದ್ದೆ ಕಾಲು. ಎರಡನೇ ಮರಕ್ಕೆ ದಾಟುವಾಗ ಬಿದ್ದ.

ನಾಲ್ಕು ಜನ ಸೇರಿ ಕೈಕಾಲು ಹಿಡಿದು ಎತ್ತಿ ಜೀಪಿನಲ್ಲಿ ಮಲಗಿಸಿದರು. ಕುತ್ತಿಗೆ ಅಲುಗಬಾರದು, ಹಲಗೆ ಮೇಲೆ ಮಲಗಿಸಿ ಎರಡೂ ಬದಿಗೆ ಬಟ್ಟೆ ಸುರುಳಿ ಇಟ್ಟು ಸಾಗಿಸಬೇಕು ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ. ಅವರು ಪ್ರೀತಿಯಿಂದಲೇ ಎತ್ತಿದರು. ಅದನ್ನು ನಾನು ಯಾವತ್ತೂ ತಪ್ಪು ಅಂತ ಹೇಳಿಲ್ಲ. ಆದರೆ ಮರ ಹತ್ತುವವರು ಇರುವ ಪ್ರತಿ ಊರಲ್ಲಿ ಈ ಒಂದು ಮಾತು ಗೊತ್ತಿರಬೇಕು. ಜೀಪಿನಲ್ಲಿ ಅವನು ಹೇಳಿದ್ದು ಒಂದೇ: "ಅಕ್ಕಾ, ನನ್ನ ಕಾಲು ಎಲ್ಲಿ ಉಂಟು ಅಂತ ಗೊತ್ತಾಗ್ತಾ ಇಲ್ಲ."

ಕುತ್ತಿಗೆಯ ಮೂಳೆಗೆ ಆಪರೇಷನ್ ಆಯಿತು. ಪ್ಲೇಟು, ಸ್ಕ್ರೂ. ಆ ಆಪರೇಷನ್ ಬೇಗ ಆದಷ್ಟೂ ಒಳ್ಳೆಯದು ಅನ್ನುವುದಕ್ಕೆ 2012ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಇದೆ. ಟೊರಾಂಟೊದ ಮೈಕಲ್ ಫೆಹ್ಲಿಂಗ್ಸ್ ಮತ್ತು ಜೊತೆಯವರು ಕುತ್ತಿಗೆಗೆ ಪೆಟ್ಟು ಬಿದ್ದ 313 ಜನರನ್ನು ಸೇರಿಸಿಕೊಂಡು ನೋಡಿದರು. 24 ಗಂಟೆಯೊಳಗೆ ಬೆನ್ನುಹುರಿಯ ಮೇಲಿನ ಒತ್ತಡ ತೆಗೆದವರಲ್ಲಿ, ಆರು ತಿಂಗಳಾಗುವಾಗ 100ಕ್ಕೆ ಸುಮಾರು 20 ಜನ, ಪೆಟ್ಟಿನ ತೀವ್ರತೆ ಅಳೆಯುವ ಮಾಪನದಲ್ಲಿ ಎರಡು ಹಂತ ಅಥವಾ ಅದಕ್ಕಿಂತ ಜಾಸ್ತಿ ಸುಧಾರಿಸಿದ್ದರು. ತಡವಾದವರಲ್ಲಿ 100ಕ್ಕೆ ಸುಮಾರು 9. ತಮ್ಮನಿಗೆ ಆಪರೇಷನ್ ಆದದ್ದು ನಾಲ್ಕನೇ ದಿನ. ಅದಕ್ಕೆ ಕಾರಣ ಹಲವು. ಅವನ್ನೆಲ್ಲ ಈಗ ಕೆದಕುವುದಿಲ್ಲ.

ಡಿಸ್ಚಾರ್ಜ್ ಚೀಟಿಯಲ್ಲಿ 'ಸಿ-6' ಅಂತ ಬರೆದಿತ್ತು. ಆಗ ಅದು ನಮಗೆ ಬರೀ ಒಂದು ನಂಬರ್. ಈಗ ಗೊತ್ತು. ಕುತ್ತಿಗೆಯಿಂದ ಹೊರಡುವ ನರಗಳಲ್ಲಿ ಆರನೆಯದರ ತನಕ ಕೆಲಸ ಮಾಡುತ್ತಿದೆ, ಅದರ ಕೆಳಗಿನದಕ್ಕೆ ಮೆದುಳಿನ ಅಪ್ಪಣೆ ತಲುಪುತ್ತಿಲ್ಲ ಅಂತ ಅದರ ಅರ್ಥ. ಭುಜ ಎತ್ತಬಹುದು. ಮೊಣಕೈ ಮಡಚಬಹುದು, ಆದರೆ ಬಲ ಹಾಕಿ ನೀಡಲು ಆಗುವುದಿಲ್ಲ. ಮಣಿಗಂಟು ಮೇಲೆ ಏಳುತ್ತದೆ. ಬೆರಳು ಆಡುವುದಿಲ್ಲ. ಹೆಬ್ಬೆರಳಿನ ಸ್ಪರ್ಶ ಮಾತ್ರ ಉಳಿದಿರುತ್ತದೆ. ಮುಟ್ಟಿದರೆ ತಣ್ಣಗೆ, ಬಿಸಿ, ಒರಟು ಎಲ್ಲ ತಿಳಿಯುತ್ತದೆ, ಹಿಡಿಯಲು ಮಾತ್ರ ಆಗುವುದಿಲ್ಲ. ಆ ಮೊದಲ ವರ್ಷ ಅವನು ಎಷ್ಟೋ ಹೊತ್ತು ತನ್ನ ಕೈಯನ್ನೇ ನೋಡುತ್ತಾ ಕೂರುತ್ತಿದ್ದ.

ಆ ಒಂದು ವರ್ಷ ನಾವು ಮಾಡಿದ್ದು ಕಾಲಿನ ಚಿಂತೆ. ನೆಂಟರು, ನೆರೆಯವರು, ವಾಟ್ಸಾಪ್ ಗುಂಪು, ಎಲ್ಲರದ್ದೂ ಒಂದೇ ಪ್ರಶ್ನೆ: "ನಡೀತಾನಾ?" ಎಲ್ಲಿಯಾದರೂ ಯಾರಾದರೂ ಎದ್ದು ನಿಂತ ವಿಡಿಯೊ ಬಂದರೆ ನನಗೆ ಹತ್ತು ಜನ ಕಳಿಸುತ್ತಿದ್ದರು. ಅವು ಸುಳ್ಳಲ್ಲ. 2011ರಲ್ಲಿ ಅಮೆರಿಕದ ಲೂಯಿವಿಲ್‌ನಲ್ಲಿ ರಾಬ್ ಸಮ್ಮರ್ಸ್ ಅನ್ನುವ ಯುವಕನ ಬೆನ್ನುಹುರಿಯ ಹೊದಿಕೆ ಮೇಲೆ 16 ಎಲೆಕ್ಟ್ರೋಡ್‌ಗಳ ಪಟ್ಟಿ ಇಟ್ಟು ಕರೆಂಟ್ ಕೊಟ್ಟಾಗ ಅವನು ತನ್ನ ಭಾರ ತಾನೇ ಹೊತ್ತು ನಿಂತ ವರದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. 2023ರಲ್ಲಿ ಸ್ವಿಟ್ಜರ್‌ಲೆಂಡಿನ ಲೊಸಾನ್‌ನಲ್ಲಿ ಗ್ರೆಗುವಾರ್ ಕೂರ್ಟಿನ್ ಮತ್ತು ಸರ್ಜನ್ ಜೋಸ್ಲಿನ್ ಬ್ಲೋಕ್ ತಂಡ ಹೆರ್ಟ್-ಯಾನ್ ಓಸ್ಕಮ್ ಅನ್ನುವ ಡಚ್ ವ್ಯಕ್ತಿಯ ಮೆದುಳಿನ ಮೇಲೆ ಒಂದು ಸಾಧನ, ಬೆನ್ನುಹುರಿಯ ಮೇಲೆ ಇನ್ನೊಂದು ಸಾಧನ ಇಟ್ಟು ಎರಡನ್ನೂ ನಿಸ್ತಂತುವಾಗಿ ಸೇರಿಸಿತು. ಸೈಕಲ್‌ನಿಂದ ಬಿದ್ದು ಹನ್ನೆರಡು ವರ್ಷ ಆದ ಆ ಮನುಷ್ಯ ತಾನೇ ಯೋಚಿಸಿ ಹೆಜ್ಜೆ ಇಟ್ಟ. ಓದಿದಾಗ ನನಗೂ ಕಣ್ಣು ತುಂಬಿತು. ಅದರ ಹಿಂದೆ ದಶಕಗಳ ದುಡಿಮೆ ಇದೆ. ಆದರೆ ಹೆಬ್ರಿಯ ಆಚೆಯ ಒಬ್ಬ ಹುಡುಗನಿಗೆ ನಾಳೆ ಬೆಳಿಗ್ಗೆ ಅದರಿಂದ ಏನೂ ಸಿಗುವುದಿಲ್ಲ.

ಇದೇ ಆಸೆಯ ಬೆನ್ನು ಹತ್ತಿ ನಾವು ದುಡ್ಡೂ ಕಳೆದುಕೊಂಡೆವು. ದೂರದ ಒಂದು ನಗರದಲ್ಲಿ ಸ್ಟೆಮ್ ಸೆಲ್, ಅಂದರೆ ಬೇರೆ ಬೇರೆ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ, ಕೊಡುತ್ತಾರೆ ಅಂತ ಯಾರೋ ಹೇಳಿದರು. ಅಮ್ಮ ಬಳೆ ಬಿಚ್ಚಿ ಕೊಟ್ಟರು. ಮೂರು ಇಂಜೆಕ್ಷನ್, ಲಕ್ಷಗಟ್ಟಲೆ ಬಿಲ್. ಏನೂ ಬದಲಾಗಲಿಲ್ಲ. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2017ರಲ್ಲೇ ತನ್ನ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿತ್ತು. ರಕ್ತದ ಕೆಲವು ಕಾಯಿಲೆಗಳಂಥ ಒಪ್ಪಿತ ಬಳಕೆ ಬಿಟ್ಟರೆ ಸ್ಟೆಮ್ ಸೆಲ್ ಇನ್ನೂ ಪ್ರಯೋಗದ ಹಂತದಲ್ಲಿದೆ, ಅದನ್ನು ಚಿಕಿತ್ಸೆ ಅಂತ ಮಾರಬಾರದು ಅಂತ. ಪ್ರಯೋಗ ಅಂದ ಮೇಲೆ ರೋಗಿಯಿಂದ ದುಡ್ಡು ಕೇಳುವ ಮಾತೇ ಇಲ್ಲ. ಯಾರಾದರೂ ನಿಮ್ಮಿಂದ ಲಕ್ಷ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ದಯವಿಟ್ಟು.

ಮತ್ತೊಂದು ಕಥೆ ಕೇಳಿ. 18 ವರ್ಷದ ಒಬ್ಬ ಹುಡುಗಿಗೆ ಬೆನ್ನುಹುರಿಗೆ ಪೆಟ್ಟಾಗಿತ್ತು. ಮೂರು ವರ್ಷದ ಮೇಲೆ ಅವಳ ಮೂಗಿನ ಒಳಪದರದ ತುಂಡನ್ನೇ ತೆಗೆದು ಬೆನ್ನುಹುರಿಯಲ್ಲಿ ಇಟ್ಟರು. ಅದರಲ್ಲಿರುವ ಕೋಶಗಳು ನರ ಬೆಳೆಸಬಹುದು ಅನ್ನುವ ನಿರೀಕ್ಷೆ. ಎಂಟು ವರ್ಷದ ನಂತರ ಬೆನ್ನು ನೋವು ಅಂತ ಬಂದಾಗ ಅಲ್ಲಿ ಒಂದು ಗಡ್ಡೆ ಇತ್ತು. ಒಳಗೆ ಮೂಗಿನಲ್ಲಿ ಇರುವಂಥದೇ ಪದರ, ಲೋಳೆ. ಅಮೆರಿಕದ ಸರ್ಜನ್‌ಗಳು ಅದನ್ನು ತೆಗೆದು 2014ರಲ್ಲಿ ವರದಿ ಬರೆದರು. ಮೂಗಿನ ಕೋಶಗಳ ಮೇಲೆ ಎಚ್ಚರದಿಂದ ಕೆಲಸ ಮಾಡುತ್ತಿರುವ ಒಳ್ಳೆಯ ವಿಜ್ಞಾನಿಗಳೂ ಇದ್ದಾರೆ, ಅವರ ಮೇಲೆ ನನಗೆ ಗೌರವ ಇದೆ. ಆದರೆ ಬೆನ್ನುಹುರಿಯೊಳಗೆ ಏನಾದರೂ ಇಟ್ಟರೆ ಅದನ್ನು ವಾಪಸ್ ತೆಗೆಯುವುದು ಸುಲಭವಲ್ಲ.

ಇಷ್ಟೆಲ್ಲ ಆಗುವಾಗ ಕೈಯ ಬಗ್ಗೆ ನಮಗೆ ಯಾರೂ ಒಂದು ಮಾತೂ ಹೇಳಲಿಲ್ಲ. ನಾವೂ ಕೇಳಲಿಲ್ಲ.

2004ರಲ್ಲಿ ಕಿಮ್ ಆಂಡರ್ಸನ್ ಅನ್ನುವ ಸಂಶೋಧಕಿ ಬೆನ್ನುಹುರಿಗೆ ಪೆಟ್ಟು ಬಿದ್ದ 681 ಜನರನ್ನೇ ಕೇಳಿದರು: ಯಾವುದು ವಾಪಸ್ ಬಂದರೆ ನಿಮ್ಮ ಬದುಕು ಹೆಚ್ಚು ಸುಧಾರಿಸುತ್ತದೆ? ಅವರಿಗೂ ಅದೇ ಪೆಟ್ಟಾಗಿದೆ, ಹಾಗಾಗಿ ಏನು ಕೇಳಬೇಕು ಅಂತ ಗೊತ್ತಿತ್ತು. ಕೈಕಾಲು ಎರಡರ ಸ್ವಾಧೀನವೂ ಹೋದವರಲ್ಲಿ ಸುಮಾರು ಅರ್ಧ ಜನ ಮೊದಲು ಕೇಳಿದ್ದು ತೋಳು ಮತ್ತು ಕೈ. ಇದನ್ನು ಓದಿದ ದಿನ ನಾನು ತಮ್ಮನಿಗೆ ಫೋನ್ ಮಾಡಿ ಅದೇ ಪ್ರಶ್ನೆ ಕೇಳಿದೆ. ಅವನು ಒಂದು ಕ್ಷಣವೂ ಯೋಚಿಸಲಿಲ್ಲ. "ಕೈ, ಅಕ್ಕ. ರಾತ್ರಿ ಸೊಳ್ಳೆ ಕಚ್ಚಿದರೆ ಅಮ್ಮನನ್ನು ಎಬ್ಬಿಸಬಾರದು ಅಂತ." ಬಿದ್ದು ಎರಡು ವರ್ಷ ದಾಟಿತ್ತು. ಅಲ್ಲಿಯ ತನಕ ನಾನು ಒಮ್ಮೆಯೂ ಅವನನ್ನು ಇದನ್ನು ಕೇಳಿರಲಿಲ್ಲ.

ಕೈಗೆ ಎರಡು ದಾರಿ ಇವೆ. ಹಳೆಯದು ಟೆಂಡನ್ ಬದಲಿಸುವ ಆಪರೇಷನ್. ಟೆಂಡನ್ ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ. ಮೊಣಕೈ ಮಡಚಲು ನಮಗೆ ಮೂರು ಸ್ನಾಯು ಇವೆ. ಮನೆಯಲ್ಲಿ ಮೂವರು ಒಂದೇ ಕೆಲಸಕ್ಕೆ ನಿಂತಿದ್ದರೆ ಒಬ್ಬನನ್ನು ಬೇರೆ ಕೆಲಸಕ್ಕೆ ಕಳಿಸುವುದಿಲ್ಲವೇ, ಹಾಗೆ. ಹೆಬ್ಬೆರಳಿನ ಬದಿಗೆ ಮುಂದೋಳಿನ ಅಂಚಿನಲ್ಲಿ ಇಳಿಯುವ ಸ್ನಾಯುವಿನ ತುದಿಯನ್ನು ಬಿಡಿಸಿ, ಹೆಬ್ಬೆರಳು ಮಡಚುವ ಟೆಂಡನ್‌ಗೆ ಹೊಲಿಯುತ್ತಾರೆ. ಬೀಗದ ಕೈ ಹಿಡಿಯುವಾಗ ಹೆಬ್ಬೆರಳು ತೋರುಬೆರಳಿನ ಬದಿಗೆ ಒತ್ತುತ್ತದಲ್ಲ, ಆ ಹಿಡಿತ ಸಿಗುತ್ತದೆ. ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಕೈ ಸರ್ಜನ್ ಎರಿಕ್ ಮೋಬರ್ಗ್ 1975ರಲ್ಲಿ ಇಂಥ ಕೈಗಳ ಬಗ್ಗೆ ಬರೆದದ್ದು ಇವತ್ತಿಗೂ ಈ ಕೆಲಸದ ತಳಪಾಯ. ಬೆರಳಿನಲ್ಲಿ ಸ್ಪರ್ಶ ಉಳಿದಿದೆಯೇ ಅಂತ ಮೊದಲು ನೋಡಿ ಅಂದವರು ಅವರು. ಭುಜದ ಹಿಂಭಾಗದ ಸ್ನಾಯುವಿನಿಂದ ಮೊಣಕೈ ನೀಡಿಸುವ ಆಪರೇಷನ್ ಕೂಡ ಅವರ ಹೆಸರಿನೊಂದಿಗೇ ಸೇರಿಕೊಂಡಿದೆ. ಮೊಣಕೈ ನೀಡುವುದು ಸಣ್ಣ ವಿಷಯವಲ್ಲ. ಅದಿಲ್ಲದೆ ಮೇಲಿನ ಸ್ವಿಚ್ ಮುಟ್ಟಲಾಗದು, ಮಲಗಿದಲ್ಲಿ ಕೈ ಎತ್ತಿದರೆ ಮುಖದ ಮೇಲೇ ಬೀಳುತ್ತದೆ.

ಟೆಂಡನ್ ಬದಲಿಸುವ ವಿದ್ಯೆ ನಮ್ಮ ದಕ್ಷಿಣ ಭಾರತಕ್ಕೆ ಹೊಸತಲ್ಲ. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ 1940ರ ದಶಕದ ಕೊನೆಯಿಂದಲೇ ಸರ್ಜನ್ ಪಾಲ್ ಬ್ರಾಂಡ್ ಕುಷ್ಠ ರೋಗದಿಂದ ಮುದುಡಿದ ಕೈಗಳಿಗೆ ಇದೇ ರೀತಿಯ ಆಪರೇಷನ್ ಮಾಡುತ್ತಿದ್ದರು. ಅವರ ಶಿಷ್ಯೆ ಡಾ. ಮೇರಿ ವರ್ಗೀಸ್. 1954ರಲ್ಲಿ ಒಂದು ವಾಹನ ಅಪಘಾತದಲ್ಲಿ ಅವರ ಬೆನ್ನುಹುರಿಗೇ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಅವರು ಗಾಲಿಕುರ್ಚಿಯಲ್ಲೇ ಕೂತು ಕುಷ್ಠ ರೋಗಿಗಳ ಕೈಗಳಿಗೆ ಆಪರೇಷನ್ ಮಾಡಿದರು. ಆಮೇಲೆ ಅಲ್ಲೇ ಪುನಶ್ಚೇತನ ವಿಭಾಗ ಕಟ್ಟಿದರು. ಈ ಒಂದು ಬದುಕಿನ ಬಗ್ಗೆ ಗೊತ್ತಾದ ಮೇಲೆ ಅಮ್ಮನಿಗೆ ಬಂದ ಧೈರ್ಯ ನಾನು ಹೇಳಿದ ಯಾವ ಅಂಕಿಅಂಶದಿಂದಲೂ ಬಂದಿರಲಿಲ್ಲ. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಅವರು 1890ರಲ್ಲೇ ಕುಷ್ಠ ರೋಗಿಗಳಿಗೆ ಆಶ್ರಯ ತೆರೆದಿದ್ದರು. ಊರು ಮುಟ್ಟಲು ಹಿಂಜರಿದ ಕೈಗಳ ಆರೈಕೆಯಿಂದ ಬೆಳೆದ ವಿದ್ಯೆ ಈಗ ಮರದಿಂದ ಬಿದ್ದವನ ಕೈಗೂ ಬರುತ್ತಿದೆ.

ಹೊಸ ದಾರಿ ನರ ಜೋಡಿಸುವುದು. ತೋಟದ ಲೆಕ್ಕದಲ್ಲಿ ಹೇಳುತ್ತೇನೆ. ದೊಡ್ಡ ಕಣಿ ನಡುವೆ ಒಡೆದಿದೆ, ಕೆಳಗಿನ ಸಾಲುಗಳಿಗೆ ನೀರು ಹೋಗುತ್ತಿಲ್ಲ. ಒಡೆದ ಜಾಗಕ್ಕಿಂತ ಮೇಲೆ ಹೊರಟ ಸಣ್ಣ ಕಣಿಗಳಲ್ಲಿ ಮಾತ್ರ ನೀರಿದೆ. ಅಂಥ ಒಂದನ್ನು ತಿರುಗಿಸಿ ಒಣಗಿದ ಸಾಲಿಗೆ ಸೇರಿಸಿದರೆ? ಬೆನ್ನುಹುರಿಯನ್ನು ಮುಟ್ಟುವುದೇ ಇಲ್ಲ. ತೋಳಿನಲ್ಲಿ, ಪೆಟ್ಟಿಗಿಂತ ಮೇಲಿನಿಂದ ಬರುವ ಹೆಚ್ಚುವರಿ ನರವನ್ನು ಕತ್ತರಿಸಿ, ಕೆಲಸ ನಿಂತ ನರಕ್ಕೆ ಸೂಕ್ಷ್ಮದರ್ಶಕದ ಕೆಳಗೆ ಹೊಲಿಯುತ್ತಾರೆ. ಬೆನ್ನುಹುರಿಯೊಳಗೆ ಕತ್ತರಿಸಿದ ತಂತು ಮತ್ತೆ ಬೆಳೆಯುವುದು ಬಹಳ ಕಷ್ಟ. ತೋಳಿನ ನರ ಹಾಗಲ್ಲ, ಅದು ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ. ಹಾಗಾಗಿ ಬೆರಳು ಆಡಲು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದ ಮೇಲೆ ಕಾಯಬೇಕು.

2012ರಲ್ಲಿ ಅಮೆರಿಕದ ಸೇಂಟ್ ಲೂಯಿಯ ಸೂಸನ್ ಮೆಕಿನನ್ ತಂಡ ಮೊಣಕೈ ಮಡಚುವ ಒಂದು ನರವನ್ನು ಬೆರಳು ಮಡಚುವ ನರಕ್ಕೆ ಸೇರಿಸಿದ ವರದಿ ಪ್ರಕಟಿಸಿತು. ಆಮೇಲೆ ಮೆಲ್ಬರ್ನ್‌ನ ನತಾಶಾ ವಾನ್ ಝೈಲ್ ತಂಡದ್ದು ಬಂತು, 2019ರ ಜುಲೈಯಲ್ಲಿ, ಲ್ಯಾನ್ಸೆಟ್‌ನಲ್ಲಿ. 16 ಜನ, 59 ನರ ಜೋಡಣೆ. ಮೊಣಕೈ ನೀಡಲು, ಕೈ ಬಿಚ್ಚಲು, ಕೈ ಮುಚ್ಚಲು ಬೇರೆ ಬೇರೆ ನರಗಳು. ಕೆಲವರಿಗೆ ಇದರ ಜೊತೆ ಟೆಂಡನ್ ಆಪರೇಷನ್ನೂ ಆಯಿತು. ಎರಡು ವರ್ಷದ ನಂತರ ಅವರು ಕೈ ಚಾಚಿ ಹಿಡಿಯುವುದರಲ್ಲಿ ಚೆನ್ನಾಗಿ ಸುಧಾರಿಸಿದ್ದರು. ಎಲ್ಲವೂ ಕೈಗೂಡಲಿಲ್ಲ. ಮೂವರಲ್ಲಿ ನಾಲ್ಕು ಜೋಡಣೆ ವಿಫಲವಾದವು, ಇಬ್ಬರಿಗೆ ಸ್ಪರ್ಶ ಶಾಶ್ವತವಾಗಿ ಸ್ವಲ್ಪ ಕಡಿಮೆಯಾಯಿತು. ಅದನ್ನೂ ಅವರು ಮುಚ್ಚಿಡದೆ ಬರೆದಿದ್ದಾರೆ. ಅದಕ್ಕೇ ನನಗೆ ಆ ವರದಿ ಮೇಲೆ ನಂಬಿಕೆ ಜಾಸ್ತಿ.

ಆ ಅಧ್ಯಯನಕ್ಕೆ ತೆಗೆದುಕೊಂಡದ್ದು ಪೆಟ್ಟಾಗಿ 18 ತಿಂಗಳೊಳಗಿನವರನ್ನು ಮಾತ್ರ. ಪೆಟ್ಟು ಬಿದ್ದ ಮಟ್ಟದಲ್ಲೇ ಇರುವ ನರಕೋಶಗಳು ಸತ್ತರೆ, ಅವುಗಳ ಸ್ನಾಯುಗಳು ನರವಿಲ್ಲದೆ ಕ್ರಮೇಣ ಸೊರಗಿ ಗಟ್ಟಿಯಾಗುತ್ತವೆ. ಆಮೇಲೆ ಎಷ್ಟು ಒಳ್ಳೆಯ ನರ ತಂದು ಹೊಲಿದರೂ ಪ್ರಯೋಜನವಿಲ್ಲ. ಅದಕ್ಕೇ ಮೊದಲ ವರ್ಷದಲ್ಲೇ ತೀರ್ಮಾನ ಆಗಬೇಕು. ಟೆಂಡನ್ ಆಪರೇಷನ್‌ಗೆ ಈ ಅವಸರ ಇಲ್ಲ, ಎಷ್ಟೋ ವರ್ಷದ ನಂತರವೂ ಮಾಡಬಹುದು.

ಆ ವರದಿ ಬಂದಾಗ ತಮ್ಮ ಬಿದ್ದು ಹನ್ನೊಂದು ತಿಂಗಳು. ಅವತ್ತು ನಾವು ಮೂರನೇ ಇಂಜೆಕ್ಷನ್‌ಗೆ ದುಡ್ಡು ಹೊಂದಿಸುತ್ತಿದ್ದೆವು.

ನಮಗೆ ಇದನ್ನೆಲ್ಲ ಮೊದಲು ಹೇಳಿದ್ದು ಒಬ್ಬ ಯುವ ಫಿಸಿಯೊಥೆರಪಿಸ್ಟ್, 2021ರ ಕೊನೆಯಲ್ಲಿ. ತಮ್ಮನ ಮಣಿಗಂಟನ್ನು ಮೇಲೆತ್ತಲು ಹೇಳಿ, ಬೆರಳುಗಳನ್ನು ನೋಡಿ, ಒಂದು ಕ್ಷಣ ಸುಮ್ಮನಾದರು. ಮಣಿಗಂಟು ಮೇಲೆ ಎದ್ದಾಗ ಬೆರಳಿನ ಟೆಂಡನ್‌ಗಳು ಎಳೆದುಕೊಂಡು ಬೆರಳು ತಾವೇ ಮಡಚಬೇಕು. ಸಿ-6ರವರಿಗೆ ಇದೇ ದೇವರು ಉಳಿಸಿಟ್ಟ ಹಿಡಿತ. ಬೆರಳುಗಳು ಸ್ವಲ್ಪ ಬಿಗಿಯಾಗಿಯೇ ಇರಬೇಕು. ನಮ್ಮ ಮನೆಯಲ್ಲಿ ಏನಾಗಿತ್ತೆಂದರೆ, ಕೈ ಮುದುಡಬಾರದು ಅಂತ ಅಮ್ಮ ದಿನಾ ಸಂಜೆ ಬಿಸಿ ಎಣ್ಣೆ ಹಚ್ಚಿ, ಮಣಿಗಂಟನ್ನು ಹಿಂದಕ್ಕೆ ಬಗ್ಗಿಸಿ, ಬೆರಳುಗಳನ್ನು ಒಂದೊಂದಾಗಿ ನೆಟ್ಟಗೆ ಎಳೆಯುತ್ತಿದ್ದರು. ಮೂರು ವರ್ಷ. ಬೆರಳುಗಳು ಸಡಿಲವಾಗಿ ಜೋತುಬಿದ್ದಿದ್ದವು. ಆ ಫಿಸಿಯೊ ಅಮ್ಮನನ್ನು ಒಂದು ಮಾತೂ ಬೈಯಲಿಲ್ಲ. "ಇನ್ನು ಮೇಲೆ ಮಣಿಗಂಟು ಕೆಳಗೆ ಬಿಟ್ಟಾಗ ಮಾತ್ರ ಬೆರಳು ಬಿಡಿಸಿ, ಮಣಿಗಂಟು ಮೇಲಿದ್ದಾಗ ಬೆರಳು ಮಡಚಿಯೇ ಇರಲಿ" ಅಂತ ತೋರಿಸಿಕೊಟ್ಟರು. ಅವತ್ತು ಅಮ್ಮ ಹಟ್ಟಿಗೆ ಹೋಗಿ ತುಂಬಾ ಹೊತ್ತು ಒಳಗೆ ಬರಲಿಲ್ಲ.

ಟೆಂಡನ್ ಆಪರೇಷನ್ ಬೇರೆ ಊರಿನಲ್ಲಿ ಆಯಿತು, ಬಲಗೈಗೆ ಮಾತ್ರ. ಕೆಲವು ವಾರ ಪಟ್ಟಿ. ಪಟ್ಟಿ ಬಿಚ್ಚಿದ ಮೇಲೆ ನಿಜವಾದ ಕೆಲಸ ಶುರು. ಮೆದುಳಿಗೆ ಹೊಸ ದಾರಿ ಗೊತ್ತಿಲ್ಲವಲ್ಲ. ಮೊಣಕೈ ಮಡಚುವ ಯೋಚನೆ ಮಾಡಿದರೆ ಹೆಬ್ಬೆರಳು ಅಲುಗಬೇಕು. ಮೊದಲ ಹತ್ತು ದಿನ ಏನೂ ಇಲ್ಲ. ಒಂದು ದಿನ ಬೆಳಿಗ್ಗೆ ಹಲಗೆ ಮೇಲಿದ್ದ ಪೇಪರಿನ ಅಂಚು ಹೆಬ್ಬೆರಳಿನ ಕೆಳಗೆ ಸುಕ್ಕಾಯಿತು. ಅವನು ಕೂಗಿ ಕರೆದ ಸದ್ದಿಗೆ ನಾವು ಬಿದ್ದನೋ ಅಂತ ಓಡಿದೆವು. ಈಗ ಯೋಚಿಸುವುದೇ ಬೇಡ, ಹೆಬ್ಬೆರಳು ತಾನೇ ಬರುತ್ತದೆ ಅನ್ನುತ್ತಾನೆ. ಚಮಚದಲ್ಲಿ ಗಂಜಿ ಉಣ್ಣುತ್ತಾನೆ. ಚಾರ್ಜರ್ ಪಿನ್ ಹಾಕುತ್ತಾನೆ. ಮೂತ್ರ ತೆಗೆಯುವ ನಳಿಕೆ, ಕ್ಯಾಥೆಟರ್, ತಾನೇ ಹಾಕಿಕೊಳ್ಳಲು ಕಲಿಯುತ್ತಿದ್ದಾನೆ. ಇದನ್ನು ಬರೆಯಲು ಅವನೇ ಹೇಳಿದ್ದು, ಯಾಕೆಂದರೆ ಇದೇ ಎಲ್ಲಕ್ಕಿಂತ ದೊಡ್ಡದು ಅಂತೆ.

ಈಗ ಆಪರೇಷನ್ ಇಲ್ಲದೆಯೂ ಕೈಗೆ ಬಲ ಕೊಡುವ ಪ್ರಯತ್ನ ನಡೆದಿದೆ. ಕುತ್ತಿಗೆಯ ಚರ್ಮದ ಮೇಲೆ ಎಲೆಕ್ಟ್ರೋಡ್ ಅಂಟಿಸಿ, ಕರೆಂಟ್ ಕೊಡುತ್ತಾ ಕೈಗೆ ವ್ಯಾಯಾಮ ಮಾಡಿಸುವುದು. 60 ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2024ರಲ್ಲಿ ಬಂತು. ಹತ್ತರಲ್ಲಿ ಏಳು ಜನರಿಗೆ ಕೈಯ ಬಲ, ಕೆಲಸ ಎರಡೂ ಸುಧಾರಿಸಿತು. ಆ ವರ್ಷದ ಡಿಸೆಂಬರ್‌ನಲ್ಲಿ ಅಮೆರಿಕ ಅದಕ್ಕೆ ಅನುಮತಿ ಕೊಟ್ಟಿತು. ಇದು ನಮ್ಮ ಕಡೆಗೂ ಬರಲಿ ಅಂತ ನಾನು ಕಾಯುತ್ತಿದ್ದೇನೆ.

ಕಳೆದ ಭಾನುವಾರ ನಾನು ಮನೆಯಲ್ಲಿದ್ದೆ. ಕಾರ್ಕಳ ಕಡೆಯ ಒಬ್ಬ ತಾಯಿಯ ಫೋನ್ ಬಂತು. ಮಗ ತೆಂಗಿನ ಮರದಿಂದ ಬಿದ್ದಿದ್ದಾನೆ, ಕುತ್ತಿಗೆ. ಯಾರೋ ನಮ್ಮ ನಂಬರ್ ಕೊಟ್ಟಿದ್ದರು. ಅವರೂ ಮೊದಲು ಕೇಳಿದ್ದು ಕಾಲಿನ ಬಗ್ಗೆಯೇ. ತಮ್ಮ ಸ್ಪೀಕರ್ ಹಾಕಿ ಪೂರ್ತಿ ಕೇಳಿಸಿಕೊಂಡ. ಆಮೇಲೆ ಮೆಲ್ಲಗೆ ಕೇಳಿದ: "ಅಮ್ಮಾ, ಅವನಿಗೆ ಮಣಿಗಂಟು ಮೇಲೆ ಎತ್ತಲಿಕ್ಕೆ ಆಗ್ತದಾ? ಈಗಲೇ ನೋಡಿ ಹೇಳಿ."

ಆ ಕಡೆ ಹೆಜ್ಜೆ ಸದ್ದು, ಬಾಗಿಲ ಸದ್ದು. ಅವರು ವಾಪಸ್ ಬಂದು ಆಗ್ತದೆ ಅಂದರು, ಎರಡೂ ಕೈ.

"ಬೆರಳು ನೆಟ್ಟಗೆ ಎಳೀಬೇಡಿ. ಬಿದ್ದದ್ದು ಯಾವ ತಾರೀಕು?"

ಅವರು ಹೇಳಿದರು. ತಮ್ಮ ಗೋಡೆಯಿಂದ ಕ್ಯಾಲೆಂಡರ್ ತೆಗೆದು ಹಲಗೆ ಮೇಲಿಡಲು ನನಗೆ ಸನ್ನೆ ಮಾಡಿದ. ಪೆನ್ನನ್ನು ಹೆಬ್ಬೆರಳು ತೋರುಬೆರಳಿನ ಸಂದಿಗೆ ಸಿಕ್ಕಿಸಿಕೊಂಡ. ಆ ತಾರೀಕಿಗೆ ಒಂದು ಸೊಟ್ಟ ಸುತ್ತು ಹಾಕಿ, ಅಲ್ಲಿಂದ ಹಾಳೆ ತಿರುವುತ್ತಾ ಎಣಿಸಿದ.

"ನಾಲ್ಕು ತಿಂಗಳು ಆಗಿದೆ ಅಷ್ಟೆ" ಅಂದ. "ಸಮಯ ಉಂಟು."